ಶಾಟ್‌ಗನ್ ಎಕ್ಸ್‌ಪ್ರೆಸ್: ಇಷ್ಟು ದೊಡ್ಡ ಹೆಸರುಗಳಿದ್ದೂ ಬ್ಯಾಂಡ್ ಒಂದು ವರ್ಷ ನಿಲ್ಲಲಿಲ್ಲ, ಯಾಕೆ?

‘ಹಿಂದಿನ ಟ್ರ್ಯಾಕ್’ ಎಂಬ ಹೆಸರಿನ ಸದಸ್ಯರು ಕೇಳಿದ್ದು:

ನಮಸ್ಕಾರ ಎಲ್ಲರಿಗೂ.

ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡನ್ನು ನಾನು ಕೊನೆಯಿಂದ ಮೊದಲಿಗೆ ಕೇಳುತ್ತಾ ಬರುತ್ತಿದ್ದೇನೆ. 1977ರ ‘ರೂಮರ್ಸ್’ ಆಲ್ಬಂ ಮುಗಿಸಿ, ಅಲ್ಲಿಂದ ಹಿಂದೆ ಸರಿದು ಪೀಟರ್ ಗ್ರೀನ್ ಕಾಲದ ಬ್ಲೂಸ್ ತನಕ ಬಂದೆ. ಗ್ರೀನ್ ಗಿಟಾರ್ ಕೇಳಿದ ಮೇಲೆ ಅಲ್ಲಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಇವರೆಲ್ಲ ಅದಕ್ಕೂ ಮೊದಲು ಎಲ್ಲಿದ್ದರು ಎಂದು ಹುಡುಕಿದಾಗ ಶಾಟ್‌ಗನ್ ಎಕ್ಸ್‌ಪ್ರೆಸ್ ಎಂಬ ಹೆಸರು ಸಿಕ್ಕಿತು. ಲಂಡನ್, 1966.

ಯಾರ್ಯಾರಿದ್ದರು ಎಂದು ಓದಿದಾಗ ನಂಬಲಿಕ್ಕೇ ಆಗಲಿಲ್ಲ. ಹಾಡಲು ರಾಡ್ ಸ್ಟೂವರ್ಟ್ ಮತ್ತು ಬೆರಿಲ್ ಮಾರ್ಸ್‌ಡೆನ್. ಗಿಟಾರ್‌ಗೆ ಪೀಟರ್ ಗ್ರೀನ್. ಡ್ರಮ್ಸ್‌ಗೆ ಮಿಕ್ ಫ್ಲೀಟ್‌ವುಡ್. ಆರ್ಗನ್‌ಗೆ ಪೀಟರ್ ಬಾರ್ಡೆನ್ಸ್, ಅಂದರೆ ಮುಂದೆ ಕ್ಯಾಮಲ್ ಬ್ಯಾಂಡಿನಲ್ಲಿ ನುಡಿಸಿದವನು. ಬೇಸ್‌ಗೆ ಡೇವ್ ಆಂಬ್ರೋಸ್. ಇಂಥ ಗುಂಪು ಒಂದೇ ವೇದಿಕೆ ಮೇಲೆ ನಿಂತಿತ್ತು. ಆದರೂ ಒಂದು ಆಲ್ಬಂ ಇಲ್ಲ. ಎರಡು ಸಿಂಗಲ್ (ಬದಿಗೊಂದು ಹಾಡಿರುವ ಚಿಕ್ಕ ರೆಕಾರ್ಡ್) ಬಿಟ್ಟು ಕೈಗೆ ಸಿಗುವಂಥದ್ದು ಏನೂ ಇಲ್ಲ. 1967ರ ವಸಂತದ ಹೊತ್ತಿಗೆ ಬ್ಯಾಂಡೇ ಇಲ್ಲ.

ಬಲ್ಲವರು ದಯವಿಟ್ಟು ತಿಳಿಸಿ. ಇಷ್ಟು ಪ್ರತಿಭೆ ಒಟ್ಟಿಗೆ ಸೇರಿದ್ದೂ ಇದು ಯಾಕೆ ಗೆಲ್ಲಲಿಲ್ಲ? ಒಳಗೆ ಜಗಳವೇ? ದುಡ್ಡಿನ ತೊಂದರೆಯೇ? ಸಿಂಗಲ್‌ಗಳಲ್ಲಿ ಕೇಳಿಸುವ ಗಿಟಾರ್ ಗ್ರೀನ್‌ನದೇ? ಇನ್ನೊಂದು ಮಾತು: ಬೆರಿಲ್ ಮಾರ್ಸ್‌ಡೆನ್ ಹೆಸರನ್ನು ನಾನು ಮೊದಲ ಸಲ ಕೇಳುತ್ತಿದ್ದೇನೆ. ಉಳಿದ ಎಲ್ಲರ ಮುಂದಿನ ಕಥೆ ಸುಲಭವಾಗಿ ಸಿಗುತ್ತದೆ, ಆಕೆಯದು ಮಾತ್ರ ಸಿಗುತ್ತಿಲ್ಲ.

ಸ್ನೇರ್ ಮತ್ತು ಸಿಂಬಲ್ ಉತ್ತರ:

ಒಳ್ಳೆಯ ಪ್ರಶ್ನೆ. ನಾನು ಡ್ರಮ್ಸ್ ನುಡಿಸುವವನು. ಫ್ಲೀಟ್‌ವುಡ್ ಕೈ ಹೇಗೆ ಪಳಗಿತು ಎಂದು ತಿಳಿಯುವ ಆಸೆಯಿಂದಲೇ ಈ ಬ್ಯಾಂಡಿನ ಹಿಂದೆ ಬಿದ್ದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ವಯಸ್ಸು ನೋಡಿ. 1966ರ ಮೇ ತಿಂಗಳಲ್ಲಿ ರಾಡ್‌ಗೆ 21. ಬಾರ್ಡೆನ್ಸ್‌ಗೆ ಇನ್ನೂ 21 ತುಂಬಿರಲಿಲ್ಲ. ಗ್ರೀನ್‌ಗೆ 19. ಫ್ಲೀಟ್‌ವುಡ್‌ಗೆ 18 ವರ್ಷ ನಡೆಯುತ್ತಿತ್ತು, ಜೂನ್‌ನಲ್ಲಿ 19 ಆಯಿತು. ನಾವು ಇವತ್ತು ಆ ಹೆಸರುಗಳನ್ನು ಓದುವಾಗ ‘ಮ್ಯಾಗಿ ಮೇ’ ಹಾಡಿದ ರಾಡ್, ‘ಆಲ್ಬಟ್ರಾಸ್’ ಬರೆದ ಗ್ರೀನ್ ಕಣ್ಣಮುಂದೆ ಬರುತ್ತಾರೆ. ಆ ವೇದಿಕೆಯ ಮೇಲೆ ಇದ್ದವರು ಅವರಲ್ಲ. ಅವರು ಹಾಗೆ ಆಗಲು ಇನ್ನೂ ಎರಡು, ಮೂರು, ಐದು ವರ್ಷ ಬೇಕಿತ್ತು. ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರದಲ್ಲಿ ಅರ್ಧ ಇಷ್ಟೇ.

ಉಳಿದ ಅರ್ಧಕ್ಕೆ ಈ ಬ್ಯಾಂಡ್ ಹುಟ್ಟಿದ ಬಗೆ ನೋಡಬೇಕು. ಇದು ಗೆಳೆಯರು ಸೇರಿ ಕಟ್ಟಿದ ಬ್ಯಾಂಡ್ ಅಲ್ಲ. ಬಾರ್ಡೆನ್ಸ್‌ನದು ಮೊದಲೇ ಒಂದು ಚಿಕ್ಕ ಗುಂಪಿತ್ತು, ಪೀಟರ್ ಬೀಸ್ ಅಂತ. ಹಾಡುಗಾರ ಇಲ್ಲ, ಬರೀ ವಾದ್ಯ. ಆರ್ಗನ್, ಗಿಟಾರ್, ಬೇಸ್, ಡ್ರಮ್ಸ್. ಇವರ ಕೆಲಸ ನೋಡಿಕೊಳ್ಳುತ್ತಿದ್ದವರು ಗನ್ನೆಲ್ ಸಹೋದರರು, ರಿಕ್ ಮತ್ತು ಜಾನ್. ಸೋಹೋದ ವಾರ್ಡರ್ ಸ್ಟ್ರೀಟ್‌ನಲ್ಲಿದ್ದ ಫ್ಲಮಿಂಗೋ ಕ್ಲಬ್ ನಡೆಸುತ್ತಿದ್ದವರೂ ಅವರೇ. ಅಲ್ಲಿ ರಾತ್ರಿಯಿಡೀ ಕುಣಿತ. ಬರುತ್ತಿದ್ದವರು ಮಾಡ್ ಹುಡುಗರು (ನಾಜೂಕಾಗಿ ಉಡುವ ಆಗಿನ ಯುವಕರ ಗುಂಪು) ಮತ್ತು ಅಮೆರಿಕನ್ ಸೋಲ್ (ಅಲ್ಲಿನ ಕಪ್ಪು ಜನರ ಸಂಗೀತ) ಹಾಡು ಅಂದರೆ ಪ್ರಾಣ ಬಿಡುವವರು. ಅಂಥ ಜನಕ್ಕೆ ಬರೀ ವಾದ್ಯದ ಗುಂಪು ಸಾಲದು. ಅದಕ್ಕೇ ಇದೇ ನಾಲ್ವರ ಮುಂದೆ ಇಬ್ಬರು ಹಾಡುಗಾರರನ್ನು ನಿಲ್ಲಿಸಿದರು. ಒಬ್ಬ ಗಂಡು, ಒಬ್ಬಳು ಹೆಣ್ಣು. ಹೆಸರು ಶಾಟ್‌ಗನ್ ಎಕ್ಸ್‌ಪ್ರೆಸ್ ಆಯಿತು.

ಈ ಮಾದರಿ ಹೊಸದೂ ಅಲ್ಲ. ಹಿಂದಿನ ವರ್ಷವೇ ಸ್ಟೀಮ್‌ಪ್ಯಾಕೆಟ್ ಅಂತ ಒಂದು ಗುಂಪು ಇದೇ ರೀತಿ ಶುರುವಾಗಿತ್ತು. ಲಾಂಗ್ ಜಾನ್ ಬಾಲ್ಡ್ರಿ, ಜೂಲಿ ಡ್ರಿಸ್ಕಲ್, ರಾಡ್ ಸ್ಟೂವರ್ಟ್ ಮೂವರೂ ಹಾಡುವವರು. ಬ್ರಯಾನ್ ಆಗರ್ ಆರ್ಗನ್. ರಾಡ್ 1966ರ ಮಾರ್ಚ್‌ನಲ್ಲಿ ಅಲ್ಲಿಂದ ಹೊರಬಿದ್ದಿದ್ದ. ಅಂದರೆ ಒಂದು ಸೋಲ್ ತಂಡ ಬಿಟ್ಟು ಇನ್ನೊಂದು ಸೋಲ್ ತಂಡಕ್ಕೆ ಬಂದ. ಹಾಡುತ್ತಿದ್ದದ್ದು ಬಹುಪಾಲು ಬೇರೆಯವರ ಹಾಡು, ಕುಣಿಸುವ ಹಾಡು. ಅವನ ಗಂಟಲಿಗೆ ಅದು ಒಗ್ಗುತ್ತಿತ್ತು, ನಿಜ. ಆದರೆ ಅವನೇ ಬರೆದ ಹಾಡು, ಅವನೇ ಹೇಳಬೇಕಾದ ಕಥೆ ಅದರಲ್ಲಿ ಇರಲಿಲ್ಲ. ‘ಮ್ಯಾಗಿ ಮೇ’ ಹಾಡನ್ನು ಪ್ರೀತಿಸುವವರು ಪ್ರೀತಿಸುವುದು ಆ ಕಥೆಯನ್ನೇ ಅಲ್ವಾ?

ಗ್ರೀನ್ ಸ್ಥಿತಿಯೂ ಹಾಗೇ. ಅವನ ಮನಸ್ಸು ಬ್ಲೂಸ್‌ನಲ್ಲಿತ್ತು. ಸೋಲ್ ತಂಡದಲ್ಲಿ ಗಿಟಾರ್‌ಗೆ ಕೆಲಸ ಕಡಿಮೆ. ತಾಳ ಕತ್ತರಿಸಿ ಕೊಡಬೇಕು, ಹಾಡುಗಾರರಿಗೆ ಜಾಗ ಬಿಡಬೇಕು. ಒಂದು ಸ್ವರವನ್ನು ಹಿಡಿದು, ಎಳೆದು, ಅದು ಮುಗಿಯುವ ತನಕ ಕಾಯುವ ಅವನ ಗುಣಕ್ಕೆ ಅಲ್ಲಿ ಎಡೆ ಇರಲಿಲ್ಲ.

ಅಷ್ಟರಲ್ಲಿ ಜಾನ್ ಮೇಯಾಲ್ ಕರೆದ. ಇದರ ಹಿನ್ನೆಲೆ ಚೆನ್ನಾಗಿದೆ. 1965ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಮೇಯಾಲ್‌ನ ಬ್ಲೂಸ್‌ಬ್ರೇಕರ್ಸ್ ತಂಡವನ್ನು ಬಿಟ್ಟು ಗೆಳೆಯರ ಜೊತೆ ಗ್ರೀಸ್‌ಗೆ ಹೊರಟುಹೋದಾಗ, ಕೆಲವು ಗಿಗ್‌ಗಳಲ್ಲಿ ಆ ಜಾಗಕ್ಕೆ ನಿಂತವನು ಗ್ರೀನ್. ಕ್ಲಾಪ್ಟನ್ ವಾಪಸ್ ಬಂದ, ಗ್ರೀನ್ ಜಾಗ ಖಾಲಿ ಮಾಡಬೇಕಾಯಿತು. 1966ರ ಬೇಸಿಗೆಯಲ್ಲಿ ಕ್ಲಾಪ್ಟನ್ ಕ್ರೀಮ್ ಎಂಬ ಬ್ಯಾಂಡ್ ಕಟ್ಟಲು ಕಾಯಂ ಆಗಿ ಹೋದ. ಮೇಯಾಲ್ ಮತ್ತೆ ಗ್ರೀನ್‌ನನ್ನೇ ಕೇಳಿದ. ಜುಲೈನಲ್ಲಿ ಗ್ರೀನ್ ಹೊರಟ. ಲೆಕ್ಕ ಹಾಕಿ ನೋಡಿ: ಮೇ ತಿಂಗಳಲ್ಲಿ ಶುರುವಾದ ಬ್ಯಾಂಡ್, ಜುಲೈಗೆ ಗ್ರೀನ್ ಇಲ್ಲ. ನೀವು ಬರೆದ ಆ ದೊಡ್ಡ ಲೈನ್‌ಅಪ್ ಪೂರ್ತಿಯಾಗಿ ಇದ್ದದ್ದು ಅಷ್ಟೇ ದಿನ.

ಹಾಗಾಗಿ ನಿಮ್ಮ ಗಿಟಾರ್ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮೊದಲ ಸಿಂಗಲ್ ‘ಐ ಕುಡ್ ಫೀಲ್ ದ ಹೋಲ್ ವರ್ಲ್ಡ್ ಟರ್ನ್ ರೌಂಡ್’ ಬಂದದ್ದು ಅಕ್ಟೋಬರ್ 1966ರಲ್ಲಿ, ಇಎಂಐನ ಕೊಲಂಬಿಯಾ ಲೇಬಲ್‌ನಿಂದ. ಆ ಹೊತ್ತಿಗೆ ಗ್ರೀನ್ ಮೇಯಾಲ್ ಜೊತೆ ತಿರುಗುತ್ತಿದ್ದ. ಅವನ ಜಾಗಕ್ಕೆ ಫಿಲ್ ಸಾಯರ್ ಬಂದಿದ್ದ. ಗ್ರೀನ್ ಗಿಟಾರ್ ಬೇಕೆಂದರೆ ನೀವು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕು. 1966ರ ಮಾರ್ಚ್‌ನಲ್ಲಿ ಪೀಟರ್ ಬೀಸ್ ಹೆಸರಿನಲ್ಲಿ ಒಂದು ಸಿಂಗಲ್ ಬಂತು. ಮುಂದಿನ ಬದಿ ‘ಇಫ್ ಯೂ ವಾನಾ ಬಿ ಹ್ಯಾಪಿ’, ಹಿಂದಿನ ಬದಿ ‘ಜಾಡ್ರೆಲ್ ಬ್ಲೂಸ್’. ಗ್ರೀನ್ ನುಡಿಸಿದ ಮೊದಲ ರೆಕಾರ್ಡ್ ಅದು. ಬಿ-ಸೈಡ್ ಅನ್ನು ಬಿಡದೆ ಕೇಳಿ. ಹಿಂದೆ ಶಫಲ್ (ತೂಗಾಡುವ ಬ್ಲೂಸ್ ತಾಳ) ನುಡಿಸುತ್ತಿರುವವನು ಫ್ಲೀಟ್‌ವುಡ್.

ಇನ್ನು ಆ ಮೊದಲ ಸಿಂಗಲ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಾಡು ಕೆಟ್ಟದ್ದಲ್ಲ. ಆದರೆ ಬ್ಯಾಂಡ್ ಅದರಲ್ಲಿ ಕೇಳಿಸುವುದೇ ಇಲ್ಲ. ಪಿಟೀಲುಗಳ ದೊಡ್ಡ ಅಲೆ, ಅದರ ನಡುವೆ ರಾಡ್ ಮತ್ತು ಬೆರಿಲ್ ದನಿ. ಫ್ಲಮಿಂಗೋದಲ್ಲಿ ಬೆವರಿಳಿಸಿ ಕುಣಿದವರು ಮನೆಗೆ ಕೊಂಡೊಯ್ಯಬೇಕೆಂದರೆ, ಅವರು ಆ ರಾತ್ರಿ ಕೇಳಿದ್ದು ಆ ರೆಕಾರ್ಡ್‌ನಲ್ಲಿ ಇರಲಿಲ್ಲ. ಬಿ-ಸೈಡ್ ‘ಕರ್ಟನ್ಸ್’ ಬಾರ್ಡೆನ್ಸ್ ಆರ್ಗನ್ ಮುಂದಿಟ್ಟ ವಾದ್ಯದ ತುಣುಕು. ನಿಜವಾದ ಬ್ಯಾಂಡ್ ಅಲ್ಲಿದೆ. 1967ರ ಆರಂಭದಲ್ಲಿ ಬಂದ ಎರಡನೇ ಸಿಂಗಲ್ ‘ಫನಿ ಕಾಸ್ ನೈದರ್ ಕುಡ್ ಐ’ ಕೂಡ ಜನರನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಗಿಟಾರ್ ವಾದಕ ಜೆಫ್ ಬೆಕ್ ಹೊಸ ತಂಡ ಕಟ್ಟುತ್ತಿದ್ದ. ರಾಡ್ ಅಲ್ಲಿಗೆ ಹೋದ.

ಕಾಲ ಬದಲಾದದ್ದೂ ಒಂದು ಕಾರಣ. ಇದನ್ನು ಚಿಕ್ಕದು ಅಂದುಕೊಳ್ಳಬೇಡಿ. ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಲಂಡನ್‌ಗೆ ಬಂದಿಳಿದದ್ದು 1966ರ ಸೆಪ್ಟೆಂಬರ್ 24. ಫ್ಲಮಿಂಗೋದ ದೊಡ್ಡ ಹೆಸರು ಜಾರ್ಜಿ ಫೇಮ್ ತನ್ನ ಬ್ಲೂ ಫ್ಲೇಮ್ಸ್ ತಂಡವನ್ನು ಅದೇ ಅಕ್ಟೋಬರ್‌ನಲ್ಲಿ ಮುಚ್ಚಿದ. ಆ ತಂಡದ ಡ್ರಮ್ಮರ್ ಮಿಚ್ ಮಿಚೆಲ್ ನೇರ ಹೆಂಡ್ರಿಕ್ಸ್ ಜೊತೆ ಸೇರಿದ. ಇನ್ನೊಂದು ಕಡೆ ಅಮೆರಿಕದ ಸೋಲ್ ಹಾಡುಗಾರ ಓಟಿಸ್ ರೆಡಿಂಗ್ ಸ್ವತಃ ಅದೇ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಟಿವಿಯಲ್ಲಿ ಹಾಡಿದ. 1967ರ ವಸಂತದಲ್ಲಿ ಅಮೆರಿಕದ ಸೋಲ್ ರೆಕಾರ್ಡ್ ಕಂಪನಿ ಸ್ಟ್ಯಾಕ್ಸ್‌ನ ಕಲಾವಿದರ ದಂಡೇ ಬಂತು. ಮೂಲದವರೇ ಊರಿಗೆ ಬಂದು ಹಾಡುವಾಗ, ಅವರ ಹಾಡನ್ನು ಹಾಡುವ ತಂಡಕ್ಕೆ ಯಾರು ಬರುತ್ತಾರೆ? ಎಳೆಯ ಕಿವಿಗಳು ಬೇರೆ ಕಡೆ ಹೊರಟಿದ್ದವು. 1966ರ ಮೇನಲ್ಲಿ ಸರಿಯಾಗಿದ್ದ ಲೆಕ್ಕ 1967ರ ಮೇಗೆ ಹಳೆಯದಾಗಿತ್ತು.

ಜಗಳದಿಂದ ಒಡೆದ ಬ್ಯಾಂಡ್ ಅಲ್ಲ ಇದು. ಒಬ್ಬೊಬ್ಬರಿಗೂ ತಮಗೆ ಹೆಚ್ಚು ಒಗ್ಗುವ ಜಾಗ ಸಿಕ್ಕಿತು, ಹೋದರು.

ಮರ್ಸಿ ನದಿ ಉತ್ತರ:

ಮೇಲಿನ ಉತ್ತರ ತುಂಬ ಚೆನ್ನಾಗಿದೆ. ಬೆರಿಲ್ ಬಗ್ಗೆ ನಾನು ಬರೆಯುತ್ತೇನೆ. ಲಿವರ್‌ಪೂಲ್‌ನ ಹಾಡುಗಾರ್ತಿಯರು ನನಗೆ ಬಹಳ ಪ್ರೀತಿ, ಅವರಲ್ಲೂ ಈಕೆ ಹೆಚ್ಚು.

ಬೆರಿಲ್ ಹುಟ್ಟಿದ್ದು 1947ರಲ್ಲಿ, ಲಿವರ್‌ಪೂಲ್‌ನಲ್ಲಿ. ಹದಿಹರೆಯಕ್ಕೆ ಕಾಲಿಟ್ಟಾಗಲೇ ಅಲ್ಲಿನ ಬ್ಯಾಂಡ್‌ಗಳ ಜೊತೆ ವೇದಿಕೆ ಹತ್ತಿದಳು. ಕ್ಯಾವರ್ನ್ ಕ್ಲಬ್‌ನಲ್ಲಿ ಹಾಡಿದಳು. 1963ರಲ್ಲಿ ಡೆಕ್ಕಾ ಕಂಪನಿಯಿಂದ ಮೊದಲ ಸಿಂಗಲ್ ‘ಐ ನೋ’ ಬಂದಾಗ ಇನ್ನೂ ಶಾಲೆ ಬಿಟ್ಟ ಹುಡುಗಿ. ದನಿ ಮಾತ್ರ ಹಾಗಿರಲಿಲ್ಲ. ಸ್ವಲ್ಪ ಒರಟು, ಆದರೆ ಸ್ವರ ತಪ್ಪದ, ಹಾಡಿನ ಕೊನೆಯ ಸಾಲಿಗೆ ಉಸಿರು ಉಳಿಸಿಕೊಂಡು ಹಾಡುವ ಜಾಣ್ಮೆ. 1965ರ ಡಿಸೆಂಬರ್‌ನಲ್ಲಿ ಬೀಟಲ್ಸ್ ಬ್ರಿಟನ್‌ನಲ್ಲಿ ತಮ್ಮ ಕೊನೆಯ ಪ್ರವಾಸ ಮಾಡಿದರಲ್ಲ, ಆ ಪ್ರವಾಸದ ಕಲಾವಿದರಲ್ಲಿ ಬೆರಿಲ್ ಒಬ್ಬಳು. ಮೂಡಿ ಬ್ಲೂಸ್ ಕೂಡ ಅದರಲ್ಲಿದ್ದರು. ಮುಂದೆ ಪ್ರೊಕೋಲ್ ಹರಮ್ ಆದವರಲ್ಲಿ ಕೆಲವರಿದ್ದ ಪ್ಯಾರಮೌಂಟ್ಸ್ ತಂಡವೂ ಇತ್ತು.

ಹಾಗಾಗಿ ಒಂದು ವಿಷಯ ಒತ್ತಿ ಹೇಳಬೇಕು. ಈಗ ನಾವು ‘ರಾಡ್ ಸ್ಟೂವರ್ಟ್ ಮತ್ತು ಜೊತೆಗೆ ಒಬ್ಬ ಹುಡುಗಿ’ ಅನ್ನುವ ಹಾಗೆ ಓದುತ್ತೇವೆ. 1966ರಲ್ಲಿ ಹಾಗಿರಲಿಲ್ಲ. ರೆಕಾರ್ಡ್‌ಗಳು, ದೊಡ್ಡ ವೇದಿಕೆಗಳು, ಬೀಟಲ್ಸ್ ಪ್ರವಾಸ ಎಲ್ಲ ಆಕೆಯ ಬೆನ್ನಿಗಿದ್ದವು. ಆ ಗುಂಪಿನಲ್ಲಿ ಅನುಭವದಲ್ಲಿ ಆಕೆ ಯಾರಿಗೂ ಕಡಿಮೆ ಇರಲಿಲ್ಲ.

ಶಾಟ್‌ಗನ್ ಎಕ್ಸ್‌ಪ್ರೆಸ್ ಆದ ಮೇಲೆ ಶೀ ಟ್ರಿನಿಟಿ ಎಂಬ ಹೆಂಗಸರ ಬ್ಯಾಂಡ್‌ನಲ್ಲಿ ಹಾಡಿದಳು. ಆದರೆ ಆಕೆಗೆ ಒಬ್ಬ ಜೆಫ್ ಬೆಕ್ ಸಿಗಲಿಲ್ಲ, ಒಬ್ಬ ಮೇಯಾಲ್ ಸಿಗಲಿಲ್ಲ. ಆ ಕಾಲದ ಬ್ರಿಟಿಷ್ ಬ್ಲೂಸ್ ಮತ್ತು ರಾಕ್ ತಂಡಗಳು ಗಿಟಾರ್ ಹಿಡಿದ ಹುಡುಗರ ಸುತ್ತ ಕಟ್ಟಿದವು. ಹುಡುಗ ಹಾಡುಗಾರನಿಗೆ ಒಂದು ಬ್ಯಾಂಡ್ ಮುಗಿದರೆ ಇನ್ನೊಂದು ಬಾಗಿಲು ತೆರೆಯುತ್ತಿತ್ತು. ಹಾಡುಗಾರ್ತಿಗೆ ಸಿಗುತ್ತಿದ್ದದ್ದು ಪಾಪ್ ಸಿಂಗಲ್, ಅದೂ ಕಂಪನಿಯವರು ಆರಿಸಿದ ಹಾಡು. ಪ್ರತಿಭೆಯ ಅಳತೆ ಒಂದೇ ಇದ್ದರೂ ದಾರಿಗಳ ಲೆಕ್ಕ ಒಂದೇ ಇರಲಿಲ್ಲ. ನನಗೆ ಈ ಬ್ಯಾಂಡ್ ಬಗ್ಗೆ ಬೇಸರ ಇರುವುದು ಇದೊಂದೇ ಕಾರಣಕ್ಕೆ. ಉಳಿದವರಿಗೆ ಇದು ಮೆಟ್ಟಿಲಾಯಿತು. ಬೆರಿಲ್‌ಗೆ ಆಗಲಿಲ್ಲ.

1965ರ ‘ಹೂ ಯೂ ಗೊನಾ ಹರ್ಟ್’ ಸಿಂಗಲ್ ಹುಡುಕಿ ಕೇಳಿ. ಆಮೇಲೆ ಶಾಟ್‌ಗನ್ ಎಕ್ಸ್‌ಪ್ರೆಸ್ ಹಾಡಿಗೆ ಬನ್ನಿ. ರಾಡ್ ದನಿಯ ಪಕ್ಕದಲ್ಲಿ ಆಕೆ ಎಲ್ಲೂ ಕುಗ್ಗುವುದಿಲ್ಲ. ನನಗಂತೂ ಆ ಸಿಂಗಲ್‌ನಲ್ಲಿ ಮೊದಲು ಕಿವಿಗೆ ಬೀಳುವುದು ಅವಳ ದನಿಯೇ.

ಹಿಂದಿನ ಟ್ರ್ಯಾಕ್:

ಇಬ್ಬರಿಗೂ ತುಂಬ ಧನ್ಯವಾದ. ಜಾಡ್ರೆಲ್ ಬ್ಲೂಸ್ ಈಗಷ್ಟೇ ಕೇಳಿದೆ. ಗಿಟಾರ್ ಬರುವುದು ಸ್ವಲ್ಪ ಹೊತ್ತೇ, ಆದರೆ ಆ ಸ್ವಲ್ಪದಲ್ಲೇ ಯಾರ ಕೈ ಎಂದು ಗೊತ್ತಾಗುತ್ತದೆ.

ಈಗ ಇನ್ನೊಂದು ಪ್ರಶ್ನೆ ಹುಟ್ಟಿದೆ, ಇದು ಸ್ನೇರ್ ಅವರಿಗೆ. ಗ್ರೀನ್ ಮತ್ತು ಫ್ಲೀಟ್‌ವುಡ್ ಒಟ್ಟಿಗೆ ಇದ್ದದ್ದು ಕೆಲವೇ ತಿಂಗಳು ಅಂತಾಯಿತು. ಅಷ್ಟರಲ್ಲಿ ಏನು ನಡೆದಿರಬಹುದು? ಗ್ರೀನ್ ಮುಂದೆ ತನ್ನದೇ ಬ್ಯಾಂಡ್ ಕಟ್ಟುವಾಗ ಲಂಡನ್ ತುಂಬ ಒಳ್ಳೊಳ್ಳೆ ಡ್ರಮ್ಮರ್‌ಗಳಿದ್ದರು. ಅವರನ್ನೆಲ್ಲ ಬಿಟ್ಟು ಇವನನ್ನೇ ಯಾಕೆ ಕರೆದ?

ಸ್ನೇರ್ ಮತ್ತು ಸಿಂಬಲ್:

ನೀವು ನನಗೆ ಅತ್ಯಂತ ಇಷ್ಟದ ಜಾಗಕ್ಕೆ ಕರೆದುಕೊಂಡು ಬಂದಿರಿ.

ಮೊದಲು ಬಾರ್ಡೆನ್ಸ್‌ಗೆ ಸಲ್ಲಬೇಕಾದದ್ದು ಸಲ್ಲಲಿ. ಈ ಕಥೆಯ ಎಲ್ಲ ನಂಟುಗಳ ನಡುವೆ ನಿಂತವನು ಅವನು. ಫ್ಲೀಟ್‌ವುಡ್ ಶಾಲೆ ಬಿಟ್ಟು ಲಂಡನ್‌ಗೆ ಬಂದು, ನಾಟಿಂಗ್ ಹಿಲ್‌ನಲ್ಲಿ ಅಕ್ಕನ ಮನೆಯಲ್ಲಿದ್ದ. ಅಲ್ಲಿನ ಗ್ಯಾರೇಜ್‌ನಲ್ಲಿ ಒಬ್ಬನೇ ಡ್ರಮ್ಸ್ ಬಡಿಯುತ್ತಿದ್ದ. ಹತ್ತಿರದಲ್ಲೇ ಇದ್ದ ಬಾರ್ಡೆನ್ಸ್‌ಗೆ ಆ ಸದ್ದು ಕೇಳಿಸಿತು. ಬಂದು ಬಾಗಿಲು ತಟ್ಟಿದ. ಗಲಾಟೆ ನಿಲ್ಲಿಸು ಅನ್ನಲಿಲ್ಲ, ನನ್ನ ಬ್ಯಾಂಡ್‌ಗೆ ಬಾ ಅಂದ. ಹಾಗೆ ಶುರುವಾದದ್ದು ಶೇನ್ಸ್ ಎಂಬ ತಂಡ, 1963ರಲ್ಲಿ. ಅದು 1965ರಲ್ಲಿ ಮುಗಿದಾಗ ಫ್ಲೀಟ್‌ವುಡ್ ಸ್ವಲ್ಪ ಕಾಲ ಬೋ ಸ್ಟ್ರೀಟ್ ರನ್ನರ್ಸ್ ಜೊತೆ ನುಡಿಸಿದ. ಬಾರ್ಡೆನ್ಸ್ ಕೆಲವು ಕಾಲ ವ್ಯಾನ್ ಮಾರಿಸನ್‌ನ ದೆಮ್ ತಂಡದಲ್ಲಿದ್ದ. ಮತ್ತೆ 1966ರಲ್ಲಿ ಇಬ್ಬರೂ ಪೀಟರ್ ಬೀಸ್‌ನಲ್ಲಿ ಕೂಡಿದರು.

ಅಲ್ಲಿಗೆ ಗ್ರೀನ್ ಗಿಟಾರ್ ಹಿಡಿದು ಆಯ್ಕೆಗೆ ಬಂದ. ಇದನ್ನು ಫ್ಲೀಟ್‌ವುಡ್ ಸ್ವತಃ ಮುಂದೆ ಹೇಳಿಕೊಂಡಿದ್ದಾನೆ: ಅವನಿಗೂ ಆಂಬ್ರೋಸ್‌ಗೂ ಈ ಹುಡುಗ ಅಷ್ಟಾಗಿ ಹಿಡಿಸಲಿಲ್ಲ. ಇವನಿಗೆ ಗೊತ್ತಿರುವುದು ಕಡಿಮೆ ಅನ್ನಿಸಿತು. ಬಾರ್ಡೆನ್ಸ್ ಒಪ್ಪಲಿಲ್ಲ, ಈತ ದೊಡ್ಡವನಾಗುತ್ತಾನೆ ಎಂದು ಪಟ್ಟು ಹಿಡಿದ. ಗ್ರೀನ್ ಒಳಗೆ ಬಂದ. ಆ ದಿನ ಬಾರ್ಡೆನ್ಸ್ ಸುಮ್ನೆ ಇದ್ದಿದ್ದರೆ ಫ್ಲೀಟ್‌ವುಡ್ ಮ್ಯಾಕ್ ಎಂಬ ಹೆಸರೇ ಹುಟ್ಟುತ್ತಿರಲಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ನಿಮ್ಮ ಪ್ರಶ್ನೆ. ಫ್ಲೀಟ್‌ವುಡ್ ಕೈಚಳಕದ ಡ್ರಮ್ಮರ್ ಅಲ್ಲ. ಮೇಯಾಲ್ ತಂಡದಲ್ಲಿ ಅವನಿಗಿಂತ ಮೊದಲು ಇದ್ದ ಏನ್ಸ್‌ಲಿ ಡನ್‌ಬಾರ್ ಎದುರು ಇಟ್ಟು ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಡನ್‌ಬಾರ್ ನುಡಿಸುವಾಗ ಕಿವಿ ಅವನ ಕಡೆಗೇ ಹೋಗುತ್ತದೆ. ಫ್ಲೀಟ್‌ವುಡ್ ಹಾಗಲ್ಲ. ಗಿಟಾರ್ ಏನು ಹೇಳುತ್ತದೆ ಎಂದು ಕಾಯುತ್ತಾನೆ. ಸ್ನೇರ್ ಏಟು ಒಂದು ಕೂದಲೆಳೆ ತಡವಾಗಿ ಬೀಳುತ್ತದೆ. ಹಾಡು ಅವಸರ ಪಡುವುದಿಲ್ಲ. ಗ್ರೀನ್‌ನಂಥ ಗಿಟಾರ್‌ಗೆ, ಒಂದು ಸ್ವರ ಹಿಡಿದು ನಿಲ್ಲುವವನಿಗೆ, ಬೇಕಾದದ್ದು ಅದೇ. ಸುತ್ತ ಖಾಲಿ ಜಾಗ ಬಿಟ್ಟುಕೊಡುವ ಡ್ರಮ್ಸ್.

ಈ ಗುಣ ಅವನಿಗೆ ಎಲ್ಲಿಂದ ಬಂತು? ನನ್ನ ಪ್ರಕಾರ ಇಂಥ ಕ್ಲಬ್ ತಂಡಗಳಿಂದ. ರಾತ್ರಿಯಿಡೀ ಕುಣಿಯುವವರ ಮುಂದೆ, ಇಬ್ಬರು ಹಾಡುಗಾರರ ಹಿಂದೆ ಕೂತವನು ಜಾಸ್ತಿ ನುಡಿಸಿದರೆ ಕುಣಿಯುವ ಕಾಲು ತಪ್ಪುತ್ತದೆ, ಹಾಡುವವರ ಸಾಲು ಮುಚ್ಚಿಹೋಗುತ್ತದೆ. ನಾನೂ ಹಾಡುವವರ ಹಿಂದೆ ಕೂತು ನುಡಿಸುವವನೇ. ಆ ಶಿಸ್ತು ಮನೆಯಲ್ಲಿ ಅಭ್ಯಾಸ ಮಾಡಿದರೆ ಬರುವುದಿಲ್ಲ. ಎದುರಿಗೆ ಜನ ಇರಬೇಕು. ಶಾಟ್‌ಗನ್ ಎಕ್ಸ್‌ಪ್ರೆಸ್ ಒಂದು ಹಿಟ್ ಕೊಡಲಿಲ್ಲ, ಸರಿ. ಆದರೆ ಅದು ಫ್ಲೀಟ್‌ವುಡ್‌ಗೆ ತನ್ನ ಕೈಯನ್ನು ಹಿಡಿತದಲ್ಲಿಡುವುದನ್ನು ಕಲಿಸಿತು. 1968ರ ‘ಆಲ್ಬಟ್ರಾಸ್’ನಲ್ಲಿ ಅವನು ಸ್ನೇರ್ ಮುಟ್ಟದೆ, ಮೆತ್ತನೆಯ ತಲೆಯ ಕೋಲುಗಳಿಂದ ಟಾಮ್‌ಗಳ ಮೇಲೆ ನುಡಿಸುತ್ತಾನಲ್ಲ, ಅಷ್ಟು ಕಡಿಮೆ ನುಡಿಸಲು ಬಹಳ ಧೈರ್ಯ ಬೇಕು. 1969ರ ಜನವರಿಯಲ್ಲಿ ಅದು ಬ್ರಿಟನ್‌ನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು.

ನಡುವಿನ ಕೊಂಡಿ ಹೀಗಿದೆ. 1967ರ ವಸಂತದಲ್ಲಿ ಶಾಟ್‌ಗನ್ ಎಕ್ಸ್‌ಪ್ರೆಸ್ ಮುಗಿದು ಫ್ಲೀಟ್‌ವುಡ್ ಖಾಲಿ ಇದ್ದ. ಮೇಯಾಲ್ ತಂಡಕ್ಕೆ ಡ್ರಮ್ಮರ್ ಬೇಕಾಯಿತು. ಫ್ಲೀಟ್‌ವುಡ್ ಅಲ್ಲಿಗೆ ಸೇರಿದ, ಗ್ರೀನ್ ಅಲ್ಲೇ ಇದ್ದ. ಬೇಸ್ ಜಾನ್ ಮೆಕ್‌ವೀ. ಕುಡಿತದ ಕಾರಣಕ್ಕೆ ಮೇಯಾಲ್ ಕೆಲವೇ ವಾರಗಳಲ್ಲಿ ಫ್ಲೀಟ್‌ವುಡ್‌ನನ್ನು ಕಳಿಸಿಬಿಟ್ಟ. ಆದರೆ ಅಷ್ಟರಲ್ಲಿ ಆ ಮೂವರು ಒಟ್ಟಿಗೆ ನುಡಿಸಿ ನೋಡಿಯಾಗಿತ್ತು. ಮೇಯಾಲ್ ಉಡುಗೊರೆಯಾಗಿ ಕೊಟ್ಟ ಸ್ಟುಡಿಯೋ ಸಮಯದಲ್ಲಿ ಗ್ರೀನ್ ಒಂದು ವಾದ್ಯದ ತುಣುಕು ಮಾಡಿ, ಅದಕ್ಕೆ ಡ್ರಮ್ಮರ್ ಮತ್ತು ಬೇಸ್ ನುಡಿಸುವವನ ಹೆಸರನ್ನೇ ಜೋಡಿಸಿ ಇಟ್ಟ. ಅದೇ ಬ್ಯಾಂಡಿನ ಹೆಸರಾಯಿತು. ಗಿಟಾರ್ ನುಡಿಸುವವನು, ಹಾಡು ಬರೆಯುವವನು, ಹಾಡುವವನು ಎಲ್ಲ ತಾನೇ ಆಗಿದ್ದೂ ಬ್ಯಾಂಡ್‌ಗೆ ತನ್ನ ಹೆಸರಿಡಲಿಲ್ಲ. ಗ್ರೀನ್ ಬಗ್ಗೆ ನನಗಿರುವ ಗೌರವಕ್ಕೆ ಇದು ದೊಡ್ಡ ಕಾರಣ. ಮೊದಲ ಗಿಗ್ 1967ರ ಆಗಸ್ಟ್ 13, ವಿಂಡ್ಸರ್ ಜಾಝ್ ಮತ್ತು ಬ್ಲೂಸ್ ಉತ್ಸವ. ಅವತ್ತು ಮೆಕ್‌ವೀ ಇನ್ನೂ ಬಂದಿರಲಿಲ್ಲ. ಮೇಯಾಲ್ ಕೊಡುತ್ತಿದ್ದ ಖಾತ್ರಿ ಸಂಬಳ ಬಿಡಲು ಹಿಂದೆಮುಂದೆ ನೋಡುತ್ತಿದ್ದ. ಅವನು ಒಪ್ಪುವ ತನಕ ಬಾಬ್ ಬ್ರನಿಂಗ್ ಬೇಸ್ ನುಡಿಸಿದ.

ಬಾರ್ಡೆನ್ಸ್ 1971ರಲ್ಲಿ ಆಂಡ್ರೂ ಲ್ಯಾಟಿಮರ್, ಡಗ್ ಫರ್ಗುಸನ್, ಆಂಡಿ ವಾರ್ಡ್ ಜೊತೆ ಸೇರಿದ, ಅದು ಕ್ಯಾಮಲ್ ಆಯಿತು. 1975ರ ‘ದ ಸ್ನೋ ಗೂಸ್’ ಒಂದು ಪೂರ್ತಿ ಆಲ್ಬಂ, ಮಾತಿಲ್ಲದ ವಾದ್ಯ ಸಂಗೀತ. ಪೀಟರ್ ಬೀಸ್ ಕಾಲದಲ್ಲಿ ಹಾಡುಗಾರ ಇಲ್ಲದೆಯೂ ಸಂಗೀತ ನಿಲ್ಲುತ್ತದೆ ಎಂದು ನಂಬಿದ್ದವನು ಅವನು. ಒಂಬತ್ತು ವರ್ಷದ ನಂತರ ಅದನ್ನೇ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ. 2002ರಲ್ಲಿ ತೀರಿಕೊಂಡ. ಇವತ್ತಿಗೂ ಅವನ ಹೆಸರು ಬೇರೆಯವರ ಕಥೆಯ ನಡುವೆ ಒಂದು ಸಾಲಾಗಿ ಬರುವುದು ನನಗೆ ಸರಿ ಕಾಣುವುದಿಲ್ಲ.

ಕೇಳುವ ಕ್ರಮ ಹೇಳುವುದಾದರೆ: ಮೊದಲು ಜಾಡ್ರೆಲ್ ಬ್ಲೂಸ್ (ಅದು ಆಯಿತು). ಆಮೇಲೆ ಕರ್ಟನ್ಸ್. ಆಮೇಲೆ ಮೇಯಾಲ್ ತಂಡದ 1967ರ ‘ಎ ಹಾರ್ಡ್ ರೋಡ್’ ಆಲ್ಬಂನಲ್ಲಿರುವ ‘ದ ಸೂಪರ್‌ನ್ಯಾಚುರಲ್’. ಅಲ್ಲಿ ಗ್ರೀನ್ ಸ್ವರಗಳನ್ನು ಹೇಗೆ ಎಳೆದು ನಿಲ್ಲಿಸುತ್ತಾನೆ ನೋಡಿ. ಡ್ರಮ್ಸ್ ಫ್ಲೀಟ್‌ವುಡ್‌ನದಲ್ಲ, ಡನ್‌ಬಾರ್‌ನದು. ನಂತರ ತಕ್ಷಣ ಆಲ್ಬಟ್ರಾಸ್ ಹಾಕಿ. ನಿಮ್ಮ ಪ್ರಶ್ನೆಗೆ ನನ್ನ ಮಾತಿಗಿಂತ ಒಳ್ಳೆಯ ಉತ್ತರ ಈ ಎರಡರ ನಡುವೆ ಸಿಗುತ್ತದೆ.

ಬಿ-ಸೈಡ್ ಪ್ರಿಯ ಉತ್ತರ:

ತಡವಾಗಿ ನೋಡಿದೆ. ಎಲ್ಲರೂ ಹೇಳಿದ ಮೇಲೆ ಉಳಿದವನು ಬೇಸ್ ನುಡಿಸುವ ಆಂಬ್ರೋಸ್ ಒಬ್ಬ. ಅವನ ಕಥೆಯೂ ಚೆನ್ನಾಗಿದೆ.

ಇಲ್ಲಿಂದ ಅವನು ಹೋದದ್ದು ಬ್ರಯಾನ್ ಆಗರ್ ತಂಡಕ್ಕೆ. ರಾಡ್ ಬಿಟ್ಟುಬಂದ ಸ್ಟೀಮ್‌ಪ್ಯಾಕೆಟ್‌ನ ಅದೇ ಆಗರ್, ಅದೇ ಜೂಲಿ ಡ್ರಿಸ್ಕಲ್. 1968ರಲ್ಲಿ ‘ದಿಸ್ ವೀಲ್ಸ್ ಆನ್ ಫೈರ್’ ಬ್ರಿಟನ್‌ನಲ್ಲಿ ಐದನೇ ಸ್ಥಾನಕ್ಕೆ ಏರಿತು. ಅದರಲ್ಲಿ ಬೇಸ್ ಇವನದೇ. ಆಮೇಲೆ ವೇದಿಕೆ ಬಿಟ್ಟು ರೆಕಾರ್ಡ್ ಕಂಪನಿಯ ಕೆಲಸಕ್ಕೆ ಸೇರಿದ. ಇಎಂಐನಲ್ಲಿ ಹೊಸ ಬ್ಯಾಂಡ್‌ಗಳನ್ನು ಹುಡುಕಿ ತರುವ ಕೆಲಸ. 1980ರ ಕೊನೆಯಲ್ಲಿ ಡ್ಯೂರಾನ್ ಡ್ಯೂರಾನ್ ಎಂಬ ಪಾಪ್ ಬ್ಯಾಂಡ್ ಆ ಕಂಪನಿಗೆ ಸಹಿ ಹಾಕಿದ್ದು ಆಂಬ್ರೋಸ್ ಮೂಲಕ. ಶಾಟ್‌ಗನ್ ಎಕ್ಸ್‌ಪ್ರೆಸ್‌ನ ಸಿಂಗಲ್ ಬಿಡುಗಡೆಯಾದದ್ದೂ ಇದೇ ಇಎಂಐನಿಂದ ಅಲ್ವಾ. ಒಂದು ಕ್ಲಬ್ ತಂಡದ ಜೊತೆ ಕಂಪನಿ ಹೇಗೆ ನಡೆದುಕೊಳ್ಳುತ್ತದೆ, ಸ್ಟುಡಿಯೋದಲ್ಲಿ ಅದರ ನಿಜವಾದ ದನಿ ಹೇಗೆ ಕಳೆದುಹೋಗುತ್ತದೆ ಎಂಬುದನ್ನು ಈ ಕಡೆ ಕೂತು ಕಂಡವನು ಆ ಕುರ್ಚಿಗೆ ಹೋದ. ಕ್ಲಬ್‌ನಲ್ಲಿ ಬೆಳೆದ ಇನ್ನೊಂದು ಎಳೆಯ ತಂಡವನ್ನು ಗುರುತಿಸಲು ಆ ಅನುಭವ ಸಹಾಯಕ್ಕೆ ಬಂದಿರಲೇಬೇಕು ಎಂದು ನನಗೆ ಅನಿಸುತ್ತದೆ.

ಡ್ರಮ್ಸ್ ಪ್ರಿಯರಿಗೆ ಇನ್ನೊಂದು ಚಿಕ್ಕ ಸಂಗತಿ. ಸ್ಟೀಮ್‌ಪ್ಯಾಕೆಟ್‌ನಲ್ಲಿ ಡ್ರಮ್ಸ್ ನುಡಿಸಿದವನು ಮಿಕಿ ವಾಲರ್. ಮುಂದೆ ರಾಡ್‌ನ ಮ್ಯಾಗಿ ಮೇ ಹಾಡಿಗೆ ನುಡಿಸಿದವನೂ ಅವನೇ. ಅವತ್ತು ಸ್ಟುಡಿಯೋಗೆ ಸಿಂಬಲ್ ಇಲ್ಲದೆ ಬಂದಿದ್ದ, ಅದನ್ನು ಆಮೇಲೆ ಬೇರೆಯಾಗಿ ಸೇರಿಸಿದರು. ಕ್ಲಬ್ ಕಾಲದಲ್ಲಿ ರಾಡ್ ಜೊತೆ ನುಡಿಸಿದವನೇ 1971ರಲ್ಲಿ ಅವನನ್ನು ಅಟ್ಲಾಂಟಿಕ್‌ನ ಎರಡೂ ಬದಿಯಲ್ಲಿ ಒಂದನೇ ಸ್ಥಾನಕ್ಕೆ ಏರಿಸಿದ ಹಾಡಿನಲ್ಲೂ ಇದ್ದ.

ಹಿಂದಿನ ಟ್ರ್ಯಾಕ್:

ಸಿಂಬಲ್ ಸಂಗತಿ ಗೊತ್ತೇ ಇರಲಿಲ್ಲ! ಸೂಪರ್‌ನ್ಯಾಚುರಲ್ ಮತ್ತು ಆಲ್ಬಟ್ರಾಸ್ ಒಂದರ ಹಿಂದೆ ಒಂದು ಕೇಳಿದೆ. ಸ್ನೇರ್ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಮೊದಲಿನದರಲ್ಲಿ ಗಿಟಾರ್ ಒಂದು ಕಡೆ, ಡ್ರಮ್ಸ್ ಒಂದು ಕಡೆ. ಎರಡನೆಯದರಲ್ಲಿ ಬೇರೆ ಮಾಡಲಿಕ್ಕೇ ಆಗುವುದಿಲ್ಲ. ಇನ್ನು ಸ್ಟೀಮ್‌ಪ್ಯಾಕೆಟ್ ಹುಡುಕುತ್ತೇನೆ. ಅವರದು ಆಲ್ಬಂ ಏನಾದರೂ ಇದೆಯೇ?

ಬಿ-ಸೈಡ್ ಪ್ರಿಯ:

ಅವರಿದ್ದ ಕಾಲದಲ್ಲಿ ಇಲ್ಲ. ಹಾಡುವವರು ಬೇರೆ ಬೇರೆ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದರು, ಹಾಗಾಗಿ ಒಟ್ಟಿಗೆ ರೆಕಾರ್ಡ್ ತರಲು ಆಗಲಿಲ್ಲ. ಅವರ ಮ್ಯಾನೇಜರ್ ಜಾರ್ಜಿಯೋ ಗೊಮೆಲ್ಸ್ಕಿ ಮಾಡಿಸಿದ ಡೆಮೋಗಳು (ಪ್ರಯೋಗದ ಧ್ವನಿಮುದ್ರಣಗಳು) ಇದ್ದವು, 1970ರ ದಶಕದಲ್ಲಿ ಅವೇ ಆಲ್ಬಂ ಆಗಿ ಹೊರಬಂದವು. ಬ್ಯಾಂಡ್ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಡ್ರಮ್ಸ್‌ನಲ್ಲಿ ವಾಲರ್ ಕೈ ಗಮನಿಸಿ.